ಹನ್ನೆರಡು ಹೂಕುಂಡ, ಒಂದು ಊದಬತ್ತಿ

ಉತ್ಥಾನ ದ್ವಾದಶಿಯ ಸಂಜೆ ನಮ್ಮ ಕಡೆಯ ಭಟ್ಟರಿಗೆ ಊರಿಡೀ ಮದುವೆ. ಒಂದು ಮನೆಯ ತುಳಸಿಕಟ್ಟೆಯಿಂದ ಇನ್ನೊಂದು ಮನೆಯ ಕಟ್ಟೆಗೆ ಸ್ಕೂಟರ್ ಮೇಲೆ ಓಡುತ್ತಿರುತ್ತಾರೆ. ನಾಲ್ಕು ವರ್ಷದ ಹಿಂದೆ ನಮ್ಮ ಅಂಗಳಕ್ಕೆ ಬರುವಾಗ ಎಂಟು ಗಂಟೆ ದಾಟಿತ್ತು. ಕಬ್ಬು ನಿಲ್ಲಿಸಿ, ನೆಲ್ಲಿ ಕೊಂಬೆ, ಹುಣಸೆ ಕೊಂಬೆ ಸಿಕ್ಕಿಸಿ, ಅಬ್ಬಲಿಗೆ ದಂಡೆ ಮುಡಿಸಿ ತುಳಸಿ ಸಿದ್ಧವಾಗಿ ಕಾಯುತ್ತಿದ್ದಳು. ಮಂಗಳಾಷ್ಟಕ ಮುಗಿದು ಅಕ್ಷತೆ ಬಿದ್ದದ್ದೇ ತಡ, ನಾನು ಲುಂಗಿ ಎತ್ತಿ ಕಟ್ಟಿ ಅಂಗಳಕ್ಕಿಳಿದೆ. ಕಟ್ಟೆಯಿಂದ ಗೇಟಿನವರೆಗೆ ಹನ್ನೆರಡು ಹೂಕುಂಡ ಇಟ್ಟು, ಒಂದಕ್ಕೊಂದು ಬತ್ತಿ ಜೋಡಿಸಿದ್ದೆ. ದ್ವಾದಶಿ ಅಲ್ಲವೇ, ಅದಕ್ಕೇ ಹನ್ನೆರಡು. ಒಂದು ತುದಿಗೆ ಬೆಂಕಿ ಕೊಟ್ಟರೆ ಮೆರವಣಿಗೆಯ ಹಾಗೆ ಒಂದರ ಹಿಂದೆ ಒಂದು ಹೊತ್ತಿಕೊಳ್ಳಬೇಕು ಅನ್ನುವುದು ನನ್ನ ಲೆಕ್ಕ. ಒಂದು ವಾರದಿಂದ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ ಬೇರೆ.

ಮೊದಲನೆಯದು, ಎರಡನೆಯದು ಒಟ್ಟೊಟ್ಟಿಗೇ ಭುಸ್ ಎಂದವು. ಮೂರನೆಯದರ ಬಾಯಲ್ಲಿ ಸ್ವಲ್ಪ ಹೊಗೆ ಬಂತು. ಆಮೇಲೆ ಅದೂ ಇಲ್ಲ. ಎರಡು ಹೂಕುಂಡ ಉರಿದು ಮುಗಿದ ಮೇಲೆ ಉಳಿದ ಹತ್ತು ಕತ್ತಲಲ್ಲಿ, ಎಲೆ ಹಾಕಿದ ಮೇಲೆ ಬಡಿಸುವವರೇ ಬರದ ಪಂಕ್ತಿಯ ಹಾಗೆ, ಸುಮ್ಮನೆ ಕೂತಿದ್ದವು. ಜಗುಲಿಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಭಟ್ಟರೇ, "ಆಯ್ತನಾ ತಮಾ? ಇನ್ನೆರಡು ಮನೆ ಅದೆ ನಂಗೆ" ಅಂದರು.

ಇದರಲ್ಲಿ ನಾಚಿಕೆ ಯಾಕೆ ಹೆಚ್ಚಾಯಿತು ಅಂದರೆ ಜಾಯಿಂಟ್ ಹಾಕುವುದೇ ನನ್ನ ಹೊಟ್ಟೆಪಾಡು. ಅಂಕೋಲಾ ಪೇಟೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ, 24 ವರ್ಷವಾಯಿತು. ಬಾವಿ ಪಂಪು, ತೋಟದ ಪಂಪು, ಮಿಕ್ಸರು, ಮಳೆಗಾಲದಲ್ಲಿ ಸುಟ್ಟುಕೊಂಡು ಬಂದ ಎಲ್ಲದಕ್ಕೂ ತಾಮ್ರದ ತಂತಿ ಸುತ್ತಿ, ತುದಿ ಜೋಡಿಸಿ ಕಳಿಸುವವನು. ಅಂಥವನು ಕಟ್ಟಿದ ಹನ್ನೊಂದು ಜಾಯಿಂಟಿನಲ್ಲಿ ಕೆಲಸ ಮಾಡಿದ್ದು ಒಂದೇ ಒಂದು.

ಅದಕ್ಕೂ ಮೊದಲೇ ಒಂದು ಅನಾಹುತ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬರೀ ಬತ್ತಿಯನ್ನು ಅಂಗಡಿಯಲ್ಲಿ ಮಾರುವುದಿಲ್ಲ. ನಾನು ಮಾಲೆ ಪಟಾಕಿ ತಂದು ಅದರ ನಡುವಿನ ಬತ್ತಿಯನ್ನು ಎಳೆದು ಬಿಚ್ಚುತ್ತಿದ್ದೆ. ಅಂಗಡಿಯ ಮೇಜಿನ ಮೇಲೆ, ಸಂಜೆ ಹೊತ್ತು, ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಬಿಸಿಯಾಗಿದ್ದದ್ದು ನೆನಪೇ ಇಲ್ಲ. ಬಿಚ್ಚುವಾಗ ಒಂದೆರಡು ಪಟಾಕಿಯ ಹೊಟ್ಟೆ ಒಡೆದು ಚಿಟಿಕೆಯಷ್ಟು ಮದ್ದು ಚೆಲ್ಲಿತ್ತು. ಉದ್ದಿನ ಬೇಳೆ ಹುರಿಯುವಾಗ ಪಟ್ ಅನ್ನುವಷ್ಟೂ ಶಬ್ದ ಬರಲಿಲ್ಲ, ಬರೀ ಒಂದು ಬೆಳಕು. ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಣ್ಣಿನ ಹುಬ್ಬು ಅರ್ಧ ಇಲ್ಲ. ಕನ್ನಡಕ ಇಲ್ಲದಿದ್ದರೆ ಈ ಬರಹವನ್ನು ಒಕ್ಕಣ್ಣಿನಲ್ಲಿ ಬರೆಯಬೇಕಾಗುತ್ತಿತ್ತು. ಮನೆಯಲ್ಲಿ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಪಟಾಕಿ ಬಿಚ್ಚಬೇಡಿ, ಯಾವ ಕಾರಣಕ್ಕೂ.

ಅಷ್ಟು ಕಷ್ಟಪಟ್ಟು ತೆಗೆದ ಆ ಬತ್ತಿಯೂ ನನ್ನ ಕೆಲಸಕ್ಕೆ ಬರುವಂಥದ್ದಾಗಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಗೊತ್ತು ಮಾಡಿಸಿದವನು ಮದ್ದಿನ ಅಜ್ಜ. ಗೋಕರ್ಣ ರಸ್ತೆ ಕಡೆಯವ. ತೇರು, ಕಾರ್ತಿಕ ದೀಪೋತ್ಸವಗಳಿಗೆ ಬಿರುಸು, ಬಾಣ ಹಚ್ಚುವ ಲೈಸೆನ್ಸಿನವರ ತಂಡದಲ್ಲಿ ಚಿಕ್ಕಂದಿನಿಂದ ಇದ್ದವ. ಈಗ ಎಪ್ಪತ್ತು ದಾಟಿದೆ, ಎಡಗೈ ಕಿರುಬೆರಳು ಅರ್ಧವೇ ಇದೆ. ಹೇಗೆ ಹೋಯಿತು ಅಂತ ಕೇಳಿದರೆ ಪ್ರತಿಸಲ ಬೇರೆ ಬೇರೆ ಕತೆ ಹೇಳುತ್ತಾನೆ. ಹಬ್ಬ ಕಳೆದ ವಾರ ಬಾವಿ ಪಂಪಿನ ಮೋಟರ್ ತಂದುಕೊಟ್ಟವ ನನ್ನ ಮುಖ ನೋಡಿ, "ಹುಬ್ಬು ಎಂತಾ ಆಯ್ತು ತಮಾ?" ಅಂದ. ಹೇಳಿದೆ. ಹೂಕುಂಡದ ಪಂಕ್ತಿಯ ಕತೆಯನ್ನೂ ಹೇಳಿದೆ. ನಗುತ್ತಾನೆ ಅಂದುಕೊಂಡರೆ ನಗಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಒಂದು ತುಂಡು ವೈಂಡಿಂಗ್ ತಂತಿ ಎತ್ತಿಕೊಂಡ.

"ಇದ್ರ ಮೇಲಿನ ಬಣ್ಣ ಕೆರೀದೇ ಇನ್ನೊಂದು ತಂತಿಗೆ ಸುತ್ತಿದ್ರೆ ಕರೆಂಟ್ ಹೋಗ್ತದ್ಯಾ?"

"ಇಲ್ಲ."

"ಮತ್ತೆ ಬೆಂಕಿ ಮಾತ್ರ ಎಂತಕ್ಕೆ ಹೋಗ್ಬೇಕು?"

ತಾಮ್ರದ ತಂತಿಗೆ ಎನಾಮಲ್ ಅಂತ ಒಂದು ಲೇಪ ಇರುತ್ತದೆ. ಬ್ಲೇಡಿನಿಂದ ಅದನ್ನು ಕೆರೆದು, ತಾಮ್ರ ಮಿಂಚಿದ ಮೇಲೆಯೇ ಜೋಡಿಸಬೇಕು. ಕೆರೆಯದೆ ಎಷ್ಟು ಬಿಗಿಯಾಗಿ ಸುತ್ತಿ ಎಷ್ಟು ಚಂದ ಟೇಪ್ ಹಾಕಿದರೂ ಮೋಟರ್ ತಿರುಗುವುದಿಲ್ಲ. ಇದನ್ನು ನಾನು ಅಂಗಡಿಯ ಹುಡುಗರಿಗೆ ಬೈದು ಬೈದು ಕಲಿಸುತ್ತೇನೆ. ಬತ್ತಿಯೂ ಹಾಗೆಯೇ. ಒಳಗೆ ಮದ್ದಿನ ಎಳೆ, ಅದರ ಸುತ್ತ ನೂಲು, ಅದರ ಮೇಲೆ ನೀರು ತಾಗದ ಹಾಗೆ ಲೇಪ. ವಿಸ್ಕೋ ಅಂತ ಕರೆಯುವ ಹಸಿರು ಬತ್ತಿಯಲ್ಲಿ ಈ ಲೇಪ ನೈಟ್ರೋಸೆಲ್ಯುಲೋಸಿನದು. ಬೆಂಕಿ ಓಡುವುದು ಒಳಗಿನ ಮದ್ದಿನಲ್ಲಿ. ಬತ್ತಿಯ ಮಗ್ಗುಲಿಂದ ಹೊರಬರುವ ಕಿಡಿ ಬಡಪಾಯಿ, ಇನ್ನೊಂದು ಬತ್ತಿಯ ಲೇಪ ದಾಟಿ ಒಳಗೆ ಹೊಕ್ಕರೆ ಹೊಕ್ಕಿತು, ಇಲ್ಲದಿದ್ದರೆ ಇಲ್ಲ. ತುದಿಯಿಂದ ಉಗುಳುವ ಬೆಂಕಿಗೆ ಮಾತ್ರ ಜೋರು. ನಾನು ಮಾಡಿದ್ದೇನು? ಎರಡು ಬತ್ತಿಯನ್ನು ಲೇಪದ ಸಮೇತ ಹೆಣೆದು, ಮೇಲೆ ಕರಿ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ನೋಡಲು ಬಹಳ ಚೊಕ್ಕ ಇತ್ತು.

ಆ ಟೇಪಿನ ಮೇಲೂ ಅಜ್ಜನಿಗೆ ಸಿಟ್ಟು. ಬಿಸಿಗೆ ಅದು ಮೆತ್ತಗಾಗಿ ಜಾರುತ್ತದೆ, ಅಂಟು ಮದ್ದಿಗೆ ಮೆತ್ತಿಕೊಳ್ಳುತ್ತದೆ. ನನ್ನ ಮೂರನೆಯ ಹೂಕುಂಡದ ಬಾಯಿ ನೋಡಿದ್ದರೆ ನಿಮಗೂ ನಂಬಿಕೆ ಬರುತ್ತಿತ್ತು: ಕರಗಿ ಹೆಪ್ಪುಗಟ್ಟಿದ ಕರಿ ಮುದ್ದೆ, ಅದರೊಳಗೆ ಸುಡದೆ ಉಳಿದ ಬತ್ತಿಯ ತುದಿ.

ಇನ್ನೊಂದು ತಪ್ಪಂತೂ ನನ್ನ ಕಸುಬಿಗೇ ಅವಮಾನ. ನಾನು ಒಂದನೇ ಹೂಕುಂಡದಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಹೀಗೆ ಎಳೆದಿದ್ದೆ. ಅಂದರೆ ಸೀರೀಸ್. ಹಿಂದೆಲ್ಲ ಗಣಪತಿ ಮಂಟಪಕ್ಕೆ ಹಾಕುತ್ತಿದ್ದ ಬಲ್ಬಿನ ಸರ ನೆನಪಿದೆಯಲ್ಲ, ಒಂದು ಬಲ್ಬ್ ಹೋದರೆ ಇಡೀ ಸರ ಕತ್ತಲು, ಯಾವುದು ಹೋಗಿದೆ ಅಂತ ಹುಡುಕುವುದರಲ್ಲಿ ಪೂಜೆ ಮುಗಿದಿರುತ್ತಿತ್ತು. ಅದೇ ಕತೆ. ಅಜ್ಜ ನೆಲದ ಮೇಲೆ ಚಾಕ್‌ಪೀಸಿನಿಂದ ಉದ್ದ ಒಂದು ಗೆರೆ ಎಳೆದು, ಅದರಿಂದ ಸಣ್ಣ ಸಣ್ಣ ಕವಲು ಬಿಟ್ಟ. ಮೇನ್ ಲೈನ್ ಒಂದು, ಪ್ರತಿ ಹೂಕುಂಡಕ್ಕೆ ಬೇರೆ ಟ್ಯಾಪಿಂಗ್. ಒಂದು ಕವಲು ಕೈಕೊಟ್ಟರೆ ಆ ಒಂದು ಹೂಕುಂಡ ಹೋಯಿತು, ಉಳಿದವುಗಳ ಪಾಡಿಗೆ ಅವು ಹತ್ತುತ್ತವೆ. ಮನೆ ವೈರಿಂಗ್ ಮಾಡುವವರು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ನಾನು ಚಾಕ್‌ಪೀಸ್ ಗೆರೆಯನ್ನೇ ನೋಡುತ್ತ ನಿಂತೆ.

"ಬರೋ ವರ್ಷ ನಾನೇ ಬತ್ತೆ. ನೀ ಬತ್ತಿ ಮುಟ್ಬೇಡ" ಅಂದ. ಮೋಟರ್ ಕಟ್ಟಿದ ದುಡ್ಡು ತಗೋಬೇಡ ಅಂತ ಅದರ ಅರ್ಥ ಇರಬಹುದು ಅಂದುಕೊಂಡು ತಗೊಳ್ಳಲಿಲ್ಲ.

ಬತ್ತಿ ಮುಟ್ಟಬೇಡ ಅಂದದ್ದು ಬರೀ ಬೈಗುಳ ಅಲ್ಲ. 2008ರ ಸ್ಫೋಟಕ ನಿಯಮಾವಳಿಯ ಲೆಕ್ಕದಲ್ಲಿ ಬತ್ತಿಯೂ ಸ್ಫೋಟಕದ ಸಾಲಿಗೇ ಸೇರುತ್ತದೆ. ಹಾಗಾಗಿ ಮರುವರ್ಷ ಬತ್ತಿ ಬಂದದ್ದು ಲೈಸೆನ್ಸ್ ಇದ್ದವರ ಕಡೆಯಿಂದ, ಅಜ್ಜನ ಕೈಯಲ್ಲಿ, ಮುಚ್ಚಳ ಇರುವ ಮರದ ಡಬ್ಬಿಯಲ್ಲಿ. ಎಷ್ಟು ಬೇಕೋ ಅಷ್ಟೇ. ಹೂಕುಂಡ ಮಾತ್ರ ನಾನು ತಂದದ್ದು, ತಾಲೂಕಿನ ಮೈದಾನದಲ್ಲಿ ದೀಪಾವಳಿಗೆ ಹಾಕುವ ಮಳಿಗೆಯಿಂದ, ಪೆಟ್ಟಿಗೆಯ ಮೇಲೆ ನೀರಿ ಅನ್ನುವ ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆಯ ಹಸಿರು ಪಟಾಕಿ ಗುರುತು ಮತ್ತು ಕ್ಯೂಆರ್ ಕೋಡ್ ನೋಡಿ. ಶಬ್ದದ್ದು ಒಂದೂ ಇಲ್ಲ. ಇದು ಕಾನೂನಿಗಿಂತ ಮೊದಲು ಆಯಿಯ ಕಟ್ಟಳೆ: ಕೊಟ್ಟಿಗೆಯಲ್ಲಿ ಎರಡು ದನ, ಒಂದು ಕರು ಇವೆ, ಗೋಪೂಜೆ ಮಾಡಿ ಹೂವು ಕಟ್ಟಿದ ಕೈಯಲ್ಲೇ ಅವುಗಳ ಕಿವಿ ಹತ್ತಿರ ಢಂ ಅನಿಸುವುದು ಯಾವ ನ್ಯಾಯ ಅನ್ನುತ್ತಾಳೆ. ಅವಳ ಬಾಯಲ್ಲಿ ಹೂಕುಂಡಕ್ಕೆ ಈಗಲೂ ದುರುಸು ಅಂತಲೇ ಹೆಸರು. ದುರುಸು ಆಗಬಹುದು, ಗರ್ನಾಲು ಆಗದು.

ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶದಲ್ಲಿ ಸರ ಪಟಾಕಿಯನ್ನೇ ನಿಷೇಧಿಸಿದೆ, ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಹೊತ್ತನ್ನೂ ಗೊತ್ತುಮಾಡಿದೆ. ನಾನು ಮೊದಲ ವರ್ಷ ಮಾಲೆ ಪಟಾಕಿ ಬಿಚ್ಚಿದ್ದು ಇದೆಲ್ಲ ಆದ ಮೇಲೆಯೇ. ಹಳೇ ಸ್ಟಾಕ್ ಅಂತ ಕೊಟ್ಟವನದೂ ತಪ್ಪು, ತಂದವನದೂ ತಪ್ಪು. ಈಗ ನಾವು ತುಳಸಿ ಮದುವೆಗೂ ಅದೇ ಹೊತ್ತು ಹಿಡಿದಿದ್ದೇವೆ. ಭಟ್ಟರು ಬೇಗ ಬಂದರೆ ಆಯಿ ಅವರಿಗೆ ಎರಡು ಲೋಟ ಕಷಾಯ ಕುಡಿಸಿ ಎಂಟು ಬಾರಿಸುವವರೆಗೆ ಕೂರಿಸುತ್ತಾಳೆ.

ಈಗ ಲೆಕ್ಕಕ್ಕೆ ಬರೋಣ, ನನಗೆ ಖುಷಿ ಕೊಟ್ಟ ಭಾಗ ಇದೇ.

ಅಜ್ಜ ತಂದ ಹಸಿರು ಬತ್ತಿಯಲ್ಲಿ 30 ಸೆಂ.ಮೀ. ತುಂಡು ಕತ್ತರಿಸಿ, ಹಂಚಿನ ಮೇಲಿಟ್ಟು, ಮೊಬೈಲಿನಲ್ಲಿ ಹೊತ್ತು ನೋಡಿದೆವು. 27 ಸೆಕೆಂಡ್. ಅಂದರೆ ಸೆಕೆಂಡಿಗೆ 1 ಸೆಂ.ಮೀ.ಗಿಂತ ಕೂದಲೆಳೆ ಜಾಸ್ತಿ. ಇನ್ನೊಂದು ತುಂಡು, 28. ಪ್ರತಿ ಸುರುಳಿಗೂ ಇದು ಬೇರೆ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯುವುದಿಲ್ಲ. ಹೂಕುಂಡವನ್ನೂ ನೋಡಿದೆವು. ಪೆಟ್ಟಿಗೆಗೆ ಹತ್ತು, ಎರಡು ಪೆಟ್ಟಿಗೆ ತಂದರೆ ಎಂಟು ಮಿಗುತ್ತದೆ, ಅದರಲ್ಲಿ ಮೂರನ್ನು ಹಿಂದಿನ ದಿನ ಹಚ್ಚಿದೆವು: 35, 38, 31 ಸೆಕೆಂಡ್ ಉರಿದವು. ಹೂವಿನ ಎತ್ತರ ನಮ್ಮ ಜಗುಲಿಯ ಮಾಡಿನಷ್ಟು.

ಕಟ್ಟೆಯಿಂದ ಗೇಟಿಗೆ ಎರಡು ಸಾಲು, ಸಾಲಿಗೆ ಆರು. ಕಿಡಿ ಪಕ್ಕದ್ದರ ಬಾಯಿಗೆ ಬೀಳಬಾರದು ಅಂದರೆ ಒಂದರಿಂದ ಒಂದಕ್ಕೆ ಐದಡಿ, ಅಂದರೆ 150 ಸೆಂ.ಮೀ. ಬೇಕು. ಹಸಿರು ಬತ್ತಿಯನ್ನೇ ಮೇನ್ ಲೈನ್ ಮಾಡಿದರೆ ಒಂದು ಜೋಡಿಯಿಂದ ಮುಂದಿನ ಜೋಡಿಗೆ ಬೆಂಕಿ ಮುಟ್ಟಲು ಎರಡೂಕಾಲು ನಿಮಿಷ. ಹೂಕುಂಡ ಉರಿಯುವುದು ಅರ್ಧ ನಿಮಿಷ. ಅಂದರೆ ಅರ್ಧ ನಿಮಿಷ ಬೆಳಕು, ಮುಕ್ಕಾಲು ಪಾಲು ಹೊತ್ತು ಕತ್ತಲು, ಒಟ್ಟು ಹನ್ನೊಂದು ನಿಮಿಷ. ಕೊನೆಯ ಜೋಡಿ ಹತ್ತುವಾಗ ಮಕ್ಕಳು ಒಳಗೆ ಟಿವಿ ಹಾಕಿರುತ್ತಾರೆ.

ಅಜ್ಜನ ಉಪಾಯ ಓಟದ ಬತ್ತಿ. ಕಾಗದದ ನಳಿಗೆಯೊಳಗೆ ಕೂತ ಮದ್ದಿನ ಬತ್ತಿ ಅದು. ಬಯಲಲ್ಲಿ ನಿಧಾನ ಉರಿಯುವ ಅದೇ ಬತ್ತಿ ನಳಿಗೆಯೊಳಗೆ ಕುದುರೆಯಾಗುತ್ತದೆ, ಯಾಕೆಂದರೆ ಬಿಸಿ ಹೊಗೆಗೆ ಹರಡಲು ಜಾಗವಿಲ್ಲ, ಮುಂದಕ್ಕೇ ನುಗ್ಗಬೇಕು, ನುಗ್ಗುತ್ತ ಮುಂದಿನ ಮದ್ದನ್ನು ಹೊತ್ತಿಸಿಕೊಂಡೇ ಹೋಗುತ್ತದೆ. ಸೆಕೆಂಡಿಗೆ ಹಲವು ಮೀಟರ್. ನಾನು ಮಾಲೆ ಪಟಾಕಿಯಿಂದ ಕಿತ್ತ ಬತ್ತಿ ಮೊದಲೆರಡು ಹೂಕುಂಡವನ್ನು ಒಟ್ಟಿಗೇ ಹೊತ್ತಿಸಿದ್ದೂ ಇದೇ ಕಾರಣಕ್ಕೆ, ಇಬ್ಬನಿ ತಾಗದಿರಲಿ ಅಂತ ಅದರ ಮೇಲೆ ನಾನು ಕಾಗದ ಸುತ್ತಿ ಜಾಣತನ ಮಾಡಿದ್ದೆ. ಓಟದ ಬತ್ತಿಯನ್ನು ಅಜ್ಜ ನನ್ನ ಕೈಗೆ ಕೊಡಲೇ ಇಲ್ಲ, ತಾನೇ ಎಳೆದ, ತಾನೇ ಕಟ್ಟಿದ.

ಓಟದ್ದು ಮೇನ್ ಲೈನ್, ಹಸಿರದ್ದು ಕವಲು. ಮೇನ್ ಲೈನಿನಲ್ಲಿ ಬೆಂಕಿ ಒಂದೇ ಏಟಿಗೆ ಎಲ್ಲ ಕವಲುಗಳ ಬುಡ ಮುಟ್ಟುತ್ತದೆ, ಆಮೇಲೆ ಯಾರು ಯಾವಾಗ ಹತ್ತಬೇಕು ಅನ್ನುವುದನ್ನು ಕವಲಿನ ಉದ್ದ ಹೇಳುತ್ತದೆ. ಮೊದಲ ಜೋಡಿಗೆ 10 ಸೆಂ.ಮೀ., ಎರಡನೆಯದಕ್ಕೆ 43, ಹೀಗೆ 33 ಕೂಡಿಸುತ್ತ ಆರನೆಯ ಜೋಡಿಗೆ 175. ಒಂದು ಜೋಡಿಯ ಹೂವು ಬಾಡುವ ಹೊತ್ತಿಗೆ ಮುಂದಿನದು ಅರಳಬೇಕು. ಎಲ್ಲ ಕೂಡಿ 11 ಮೀಟರ್ ಚಿಲ್ಲರೆ. ಮೇನ್ ಲೈನಿನ ತಲೆಗೆ, ಹಚ್ಚಿದವ ಓಡದೆ ನಡೆದುಕೊಂಡೇ ಜಗುಲಿ ಹತ್ತಲಿ ಅಂತ, ಇನ್ನೂ 50 ಸೆಂ.ಮೀ. ಹಸಿರು. "ಓಡುವಂತಾ ಬತ್ತಿ ಇಟ್ರೆ ಮಂದಿ ಮುಗ್ಗರಿಸ್ತಾರೆ" ಅಂದ ಅಜ್ಜ.

175 ಸೆಂ.ಮೀ. ಕವಲನ್ನು ಇಡುವುದೆಲ್ಲಿ? ನಾನು ಅಂದವಾಗಿ ದುಂಡಗೆ ಸುತ್ತಿಟ್ಟಿದ್ದೆ. ಅಜ್ಜ ಬಂದವನೇ ಬಿಚ್ಚಿ ಹಾಕಿದ. "ಚಕ್ಕುಲಿ ಮಾಡ್ಬೇಡ, ಹಾವು ಮಾಡು." ಸುತ್ತು ಸುತ್ತಿಗೆ ತಾಗಿದರೆ ಬೆಂಕಿ ಅಡ್ಡದಾರಿ ಹಿಡಿದು ಒಳಸುತ್ತಿಗೆ ಹಾರಬಹುದು, ಎರಡೂವರೆ ನಿಮಿಷ ದಾಟುವ ಕವಲು ಹತ್ತು ಸೆಕೆಂಡಿನಲ್ಲಿ ಮುಗಿಯಬಹುದು. ಹಾವಿನ ಹಾಗೆ ಅಗಲ ಅಗಲ ಬಳುಕಿಸಿ, ಬಳುಕಿನ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಹಂಚಿನ ಚೂರು ಹೇರಿ ಇಡಬೇಕು. ಹಾಗಂತ ಮಡಚಲೂಬಾರದು. ಕಡ್ಡಿ ಮುರಿದ ಹಾಗೆ ಮಡಚಿದರೆ ಒಳಗಿನ ಮದ್ದಿನ ಎಳೆ ಬಿರಿಯುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ, ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ.

ಜಾಯಿಂಟ್ ಹೇಗೆ ಅಂತ ಕೇಳುತ್ತೀರಿ. ಚೂಪು ಬ್ಲೇಡಿನಿಂದ ಓರೆಯಾಗಿ ಕೊಯ್ಯಬೇಕು, ಕತ್ತರಿ ಹಾಕಿದರೆ ತುದಿ ಚಪ್ಪಟೆಯಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಓರೆ ಕೊಯ್ದರೆ ಕರಿ ಮದ್ದು ಉದ್ದಕ್ಕೆ ಕಾಣುತ್ತದೆ, ಅದು ಕಂಡರೇ ಅರ್ಧ ಕೆಲಸ ಆದಂತೆ. ಕೊಯ್ದ ಮೇಲೆ ತುದಿಯನ್ನು ಕೆಳಮುಖ ಹಿಡಿದು ಕುಟ್ಟಬಾರದು, ಮದ್ದು ಉದುರುತ್ತದೆ. ಆ ಬಾಯಿ ಇನ್ನೊಂದರ ಮದ್ದಿಗೆ ಮುಖಕ್ಕೆ ಮುಖ ತಾಗಬೇಕು, ಒಂದು ಇಂಚು ಜೊತೆಯಾಗಿ ಮಲಗಬೇಕು. ಆಮೇಲೆ ಕಟ್ಟು. ಅಜ್ಜ ಕಟ್ಟಲು ತಂದದ್ದು ಒಣಗಿದ ಬಾಳೆನಾರು. ಮೊದಲ ಕಟ್ಟು ಅವನೇ ಹಾಕಿದ, ಎರಡನೆಯದು ನಾನು ಹಾಕಿದೆ. ಬೆರಳು ತಾಗಿಸಿ ನೋಡಿ ಬಿಚ್ಚಿದ. ಮೂರನೆಯದನ್ನೂ ಬಿಚ್ಚಿದ. ಜಗುಲಿಯಲ್ಲಿ ಅಬ್ಬಲಿಗೆ ದಂಡೆ ಕಟ್ಟುತ್ತಿದ್ದ ಅತ್ತಿಗೆ ಇದನ್ನೆಲ್ಲ ನೋಡುತ್ತಿದ್ದವಳು, "ತಾ ಇಲ್ಲಿ" ಅಂತ ಇಸಿದುಕೊಂಡಳು. ಅಬ್ಬಲಿಗೆಯ ತೊಟ್ಟು ಎಷ್ಟು ಎಳಸು ಗೊತ್ತಲ್ಲ, ಬಿಗಿ ಹೆಚ್ಚಾದರೆ ತುಂಡು, ಕಮ್ಮಿಯಾದರೆ ಹೂವು ಉದುರುತ್ತದೆ. ಅದೇ ಗಂಟನ್ನು ಬತ್ತಿಗೆ ಹಾಕಿದಳು: ಎರಡು ಸುತ್ತು, ಅಡ್ಡ ಒಂದು ಕುಣಿಕೆ, ಹೆಬ್ಬೆರಳಲ್ಲಿ ಒತ್ತಿ ಎಳೆದದ್ದು. ಅಜ್ಜ ಬೆರಳು ತಾಗಿಸಿ ನೋಡಿದ. ಬಿಚ್ಚಲಿಲ್ಲ. ಉಳಿದ ಗಂಟೆಲ್ಲ ಅವಳದೇ. ನಾನು ಮೇಲಿಂದ ಕಾಗದದ ಟೇಪ್ ಸುತ್ತುವ ಕೆಲಸಕ್ಕೆ ಬಡ್ತಿ ಪಡೆದೆ.

ಹೂಕುಂಡದ ಬಾಯಿಗೂ ಇದೇ ನಿಯಮ. ಮೇಲಿನ ಬಣ್ಣದ ಕಾಗದ ಬಿಡಿಸಿ, ಅದರದೇ ಪುಟ್ಟ ಬತ್ತಿಗೆ ಕವಲಿನ ತುದಿ ತಾಗಿಸಿ ಕಟ್ಟುವುದು, ಒಳಗೆ ಚುಚ್ಚುವುದಲ್ಲ. ಮೇಲೆ ಮಗಳ ಟಿಫಿನ್ನಿಗೆ ಸುತ್ತುವ ಫಾಯಿಲ್ ಸಡಿಲವಾಗಿ ಹೊದೆಸಿದೆವು, ಪಕ್ಕದ ಹೂಕುಂಡದ ಕಿಡಿ ಬಿದ್ದು ಸರದಿ ತಪ್ಪದಿರಲಿ ಅಂತ. ಹಿಂದೆ ಇದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಕೂಡಿಡುತ್ತಿದ್ದನಂತೆ ಅಜ್ಜ, ಸೇದದಿದ್ದರೂ.

ಕರೆಂಟಿನ ಕೆಲಸದವ ನೀನು, ಸ್ವಿಚ್ಚಿಟ್ಟು ಹಚ್ಚಲಿಲ್ಲ ಯಾಕೆ ಅಂತ ಅಂಗಡಿಗೆ ಬರುವವರೆಲ್ಲ ಕೇಳುತ್ತಾರೆ. ಮನೆಯಲ್ಲಿ ಐದು ಮಕ್ಕಳು ಸೇರುವ ದಿನ ಬೆಂಕಿಯನ್ನು ಒಂದು ಸ್ವಿಚ್ಚಿನ ಒಳಗೆ ಇಡುವ ಧೈರ್ಯ ನನಗಿಲ್ಲ.

ಇನ್ನು ತೇವ. ಶಿವಕಾಶಿಯ ಕಸುಬು ಬೆಳೆದದ್ದೇ ಅದು ಒಣ ಸೀಮೆ ಅಂತ. ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ 1920ರ ದಶಕದಲ್ಲಿ ಕಲ್ಕತ್ತಕ್ಕೆ ಹೋಗಿ ಬೆಂಕಿಪೊಟ್ಟಣದ ಕೆಲಸ ಕಲಿತು ಬಂದು ಅಲ್ಲಿ ಶುರುಮಾಡಿದರು, ಪಟಾಕಿ ಅದರ ಬೆನ್ನಿಗೆ ಬಂತು. ಒಣಗಾಳಿಯಲ್ಲಿ ಹುಟ್ಟಿದ ಆ ಮಾಲು ವರ್ಷಕ್ಕೆ 3,000 ಮಿ.ಮೀ. ಮಳೆ ಬೀಳುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಗೆ ಬಂದು ಎರಡು ವಾರ ಕೂತರೆ ಅದರ ಗತಿ ಏನಾಗಬೇಡ? ದೀಪಾವಳಿ ಹೊತ್ತಿಗೆ ಮಳೆ ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಸುರಿದು ಹೋಗುತ್ತದೆ, ಆಮೇಲೆ ರಾತ್ರಿ ಇಬ್ಬನಿ. ಆಯಿಯ ಹತ್ತಿರ ಇದಕ್ಕೊಂದು ಅಳತೆಗೋಲಿದೆ. ಸಾಣಿಕಟ್ಟೆಯ ಹರಳುಪ್ಪು ತುಂಬಿದ ಮರಿಗೆ. ಬೆಳಿಗ್ಗೆ ಕೈ ಹಾಕಿದಾಗ ಉಪ್ಪು ಬೆವರಿದ್ದರೆ, "ಇವತ್ತು ನಿನ್ನ ದುರುಸೂ ಬೆವರಿರ್ತದೆ ನೋಡು" ಅನ್ನುತ್ತಾಳೆ. ಇದುವರೆಗೆ ಸುಳ್ಳಾಗಿಲ್ಲ. ಆದರೆ ಅವಳ ಕಾಲದ ಇನ್ನೊಂದು ಪದ್ಧತಿ, ತೇವ ಹಿಡಿದ ಪಟಾಕಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುವುದು, ಅದನ್ನು ಕೇಳಿ ಅಜ್ಜ ಎದ್ದು ನಿಂತುಬಿಟ್ಟ. ಮನೆ ಇನ್ನೂ ಇದೆಯಲ್ಲ ಅಂತ ಸುತ್ತ ನೋಡಿದ. ನಾವು ಮಾಡುವುದು ಇಷ್ಟೇ: ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಅಡುಗೆಮನೆಗೆ ಸಂಬಂಧವಿಲ್ಲದ ಕೋಣೆಯಲ್ಲಿ. ಪೂಜೆಯ ದಿನ ಬಿಸಿಲಿಳಿದ ಮೇಲೆ ಹೊರಗೆ ತೆಗೆದು ಕಟ್ಟುವುದು, ಇಬ್ಬನಿ ಬೀಳುವ ಮೊದಲು ಸಾಲಿನ ಮೇಲೆ ಒಣ ಗೋಣಿ ಹೊದೆಸುವುದು.

ಕೊಟ್ಟಿಗೆಯ ಹಿಂದೆ ಹೊಸ ಹುಲ್ಲಿನ ಕುತ್ರಿ ಇದೆ, ಹಬ್ಬದ ಮುಂಚೆ ಕೊಯ್ದ ಭತ್ತದ್ದು. ಮಳೆಗಾಲಕ್ಕೆ ಕಟ್ಟಿದ್ದ ಮಡಲಿನ ತಟ್ಟಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದು ಬೇರೆ. ತಟ್ಟಿಯೆಲ್ಲ ತೋಟಕ್ಕೆ ಹೋದವು. ಕುತ್ರಿಯ ಮೇಲೆ ನೆನೆಸಿದ ತಾಡಪಾಲು. ಎರಡು ಕೊಡ ನೀರು, ಎರಡು ಹಸಿ ಗೋಣಿಚೀಲ, ಒಂದು ಬುಟ್ಟಿ ಮರಳು. ಪ್ರತಿ ಹೂಕುಂಡದ ಕೆಳಗೆ ಒಡೆದ ಹಂಚು, ಬುಡಕ್ಕೆ ಮರಳು ಒತ್ತಿ, ಬತ್ತಿ ಎಳೆದರೂ ಮಗುಚದ ಹಾಗೆ.

ಆ ವರ್ಷ ಭಟ್ಟರು ಏಳೂವರೆಗೇ ಬಂದಿದ್ದರು, ಕಷಾಯ ಕುಡಿದರು. ಎಂಟೂ ಹತ್ತಕ್ಕೆ ಅಕ್ಷತೆ ಬಿತ್ತು. ಕೋಲಿನ ತುದಿಗೆ ಕಟ್ಟಿದ ಊದಬತ್ತಿಯನ್ನು ಅಜ್ಜ ನನ್ನ ಕೈಗೆ ಕೊಟ್ಟ. ಹಸಿರು ಬತ್ತಿ ಚುರ್ ಅಂದದ್ದು ಕೇಳಿ ನಡೆದುಕೊಂಡೇ ಬಂದು ಜಗುಲಿ ಹತ್ತಿದೆ. ಮಕ್ಕಳು ಎಣಿಸತೊಡಗಿದರು. ನಲವತ್ತಾರಕ್ಕೆ ಅಂಗಳದ ಉದ್ದಕ್ಕೂ ಒಂದು ಬೆಳಕಿನ ಗೆರೆ ಸಿಡಿದು ಮಾಯವಾಯಿತು. ಆಮೇಲೆ ಹತ್ತು ಸೆಕೆಂಡ್ ಏನೂ ಇಲ್ಲ. ಆ ಹತ್ತು ಸೆಕೆಂಡಿನಲ್ಲಿ ನನಗೆ ಮೂರನೆಯ ಹೂಕುಂಡದ ಕರಿ ಮುದ್ದೆ ಕಣ್ಣ ಮುಂದೆ ಬಂತು. ತುಳಸಿಯ ಎಡಬಲದಲ್ಲಿ ಒಂದು ಜೋಡಿ ಎದ್ದಿತು. ಅದು ಇಳಿಯುತ್ತಿದ್ದಂತೆ ಎರಡನೆಯ ಜೋಡಿ. ಮೂರನೆಯದು. ನಾಲ್ಕನೆಯದರಲ್ಲಿ ಬಲಗಡೆಯದು ಎದ್ದಿತು, ಎಡಗಡೆಯದು ಏಳಲಿಲ್ಲ. ಐದು, ಆರು ತಮ್ಮ ಪಾಡಿಗೆ ಗೇಟಿನತನಕ ಹೋದವು. ಕೊನೆಯ ಜೋಡಿ ಉರಿಯುವಾಗ ರಸ್ತೆಯಲ್ಲಿ ಹೋಗುತ್ತಿದ್ದ ಟೆಂಪೋದವ ಲೈಟ್ ಆರಿಸಿ ನಿಂತು ನೋಡಿದ.

ಅಣ್ಣನ ಮಗ ಏಳದ ಹೂಕುಂಡದ ಕಡೆ ಓಡಿದ್ದ. ಅಜ್ಜ ಕೂಗಿದ್ದು ಹೊಳೆಯಾಚೆಗೂ ಕೇಳಿರಬೇಕು. ಅರ್ಧ ಗಂಟೆ ಅದರ ಹತ್ತಿರ ಯಾರನ್ನೂ ಬಿಡಲಿಲ್ಲ. ಪಂಚಕಜ್ಜಾಯ, ಅವಲಕ್ಕಿ ಎಲ್ಲ ಹಂಚಿ ಮುಗಿದ ಮೇಲೆ ತಾನೇ ಹೋಗಿ, ದೂರದಿಂದ ಒಂದು ಕೊಡ ನೀರು ಹೊಯ್ದು, ಇನ್ನೂ ಸ್ವಲ್ಪ ಕಾದು, ಬಕೆಟಿಗೆ ಹಾಕಿದ. ನೀರಲ್ಲೇ ಫಾಯಿಲ್ ಬಿಡಿಸಿ ತೋರಿಸಿದ. ಅತ್ತಿಗೆಯ ಗಂಟು ಗಟ್ಟಿ ಇತ್ತು. ಕವಲು ತುದಿಯವರೆಗೂ ಸುಟ್ಟಿತ್ತು. ಆದರೆ ತುದಿ ಹೂಕುಂಡದ ಬಾಯಿಂದ ಅರ್ಧ ಬೆರಳು ಆಚೆ ಸರಿದಿತ್ತು, ಫಾಯಿಲ್ ಹೊದೆಸುವಾಗ ನನ್ನ ಕೈ ಎಳೆದದ್ದು. ಅತ್ತಿಗೆ ಏನೂ ಅನ್ನಲಿಲ್ಲ, ಅಣ್ಣನ ಮುಖ ನೋಡಿದಳು ಅಷ್ಟೇ.

ಮಿಕ್ಕ ಹಸಿರು ಬತ್ತಿ ಒಂದು ಗೇಣಿತ್ತು. ಬರುವ ವರ್ಷ ಅಳತೆಗೆ ಬೇಕಾಗುತ್ತದೆ ಅಂತ ಮೆಲ್ಲಗೆ ಕಿಸೆಗೆ ಇಳಿಸಿದ್ದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಜ್ಜ ನನ್ನ ಮುಖ ನೋಡದೆಯೇ ಕೈ ಚಾಚಿದ. ಕೊಟ್ಟೆ. ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಪಂಚಕಜ್ಜಾಯದ ಪೊಟ್ಟಣವನ್ನು ಇನ್ನೊಂದು ಕೈಯಲ್ಲಿ ಹಿಡಿದು ಗೇಟು ದಾಟಿದ.